ಆರು ಆಯ್ಕೆ, ಐದು ಕೋಟಿ: ಅಮೀರ್‌ಪೇಟ್ ಹಾಸ್ಟೆಲಿನಲ್ಲಿ ಡೊಡೊನ್‌ಪಾಚಿ

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ಹೋದ ಸಲ ಇಲ್ಲಿ ಮಾತಾಡಿದವರು ಕ್ಲೌಡ್ ಸರ್ಟಿಫಿಕೇಷನ್ ಬಗ್ಗೆ ಹೇಳಿದ್ರು, ಅದರ ಹಿಂದಿನ ಸಲ ಗೃಹಸಾಲ. ನಾನು ವಿಡಿಯೋ ಗೇಮ್ ಬಗ್ಗೆ ಮಾತಾಡ್ತೀನಿ ಅಂದಾಗ ಹೆಂಡತಿ ಕೇಳಿದಳು, ‘ನಲವತ್ತು ದಾಟಿದವರು ಮಾತಾಡೋ ವಿಷಯಾನಾ ಇದು?’ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ನಾವು ಕೂತಿರೋ ಜಾಗ ಅಮೀರ್‌ಪೇಟ್. ಈ ಕಿಟಕಿಯಿಂದ ಎರಡು ಗಲ್ಲಿ ಆಚೆ ಒಂದು ಹಾಸ್ಟೆಲ್ ಇತ್ತು. 2004ರಲ್ಲಿ ನಾನು ಅಲ್ಲಿದ್ದೆ. ಆಟದ ಮಾತು ಇಲ್ಲೇ ಆಡಬೇಕು ಅನ್ನಿಸ್ತು.

ಹೊಸದಾಗಿ ಬಂದವರಿಗೆ ಅಮೀರ್‌ಪೇಟ್ ಅಂದ್ರೆ ಎರಡು ಮೆಟ್ರೋ ಲೈನ್ ಕೂಡುವ ಸ್ಟೇಷನ್. ನಮ್ಮ ಕಾಲಕ್ಕೆ ಮೆಟ್ರೋ ಇರಲಿಲ್ಲ, ಅದು ಬಂದಿದ್ದು 2017ರ ನವೆಂಬರಿನಲ್ಲಿ. ಬಸ್ ಇಳಿದು ಮೈತ್ರಿವನಂ ಕಡೆ ನಡೆದರೆ ಕೈಗೆ ಪಾಂಪ್ಲೆಟ್ ತುರುಕೋರು. ಜಾವಾ, ಒರಾಕಲ್, ಡಾಟ್‌ನೆಟ್, ಟೆಸ್ಟಿಂಗ್ ಟೂಲ್ಸ್, ಮೇನ್‌ಫ್ರೇಮ್. ಬೋರ್ಡಿನ ಮೇಲೆ ಬೋರ್ಡು, ಗೋಡೆಯೇ ಕಾಣಿಸ್ತಿರಲಿಲ್ಲ. ‘ಡೆಮೊ ಫ್ರೀ’ ಅಂತ ಎಲ್ಲ ಕಡೆ. ನಾನು ಸಿಂಧನೂರಿನ ಕಡೆಯವನು. ಅಪ್ಪ ಮುಂದೆ ಬರೋ ಭತ್ತದ ಮೇಲೆ ಅಡತಿ ಅಂಗಡಿಯಲ್ಲಿ ಮುಂಗಡ ತಗೊಂಡು ಆರು ತಿಂಗಳಿಗೆ ಅಂತ ದುಡ್ಡು ಕೊಟ್ಟಿದ್ದ. ಆರಕ್ಕೆ ಏಳಾಗೋ ಹಾಗಿರಲಿಲ್ಲ.

ರೂಮಿನಲ್ಲಿ ಮೂವರು. ಒಬ್ಬ ಬೀದರಿನವ, ಒಬ್ಬ ಕಲಬುರಗಿಯವ, ನಾನು. ಮೂವರೂ ಸೇರಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಪೆಂಟಿಯಂ ಥ್ರೀ ಒಂದು ಕಟ್ಟಿಸಿಕೊಂಡು ಬಂದ್ವಿ. ಉದ್ದೇಶ ಒರಾಕಲ್ ಪ್ರಾಕ್ಟೀಸು. ಅದರ ಜೊತೆ ಫುಟ್‌ಪಾತಿನಲ್ಲಿ ಒಂದು ಸೀಡಿ ಸಿಕ್ತು, ಮೇಮ್ ಅನ್ನೋ ಎಮ್ಯುಲೇಟರ್, ಒಳಗೆ ನೂರಾರು ಹಳೆ ಆರ್ಕೇಡ್ ಆಟ. ಕಳ್ಳ ಸೀಡಿ, ಹೆಮ್ಮೆಯಿಂದ ಹೇಳ್ತಿಲ್ಲ. ಆ ಪಟ್ಟಿಯಲ್ಲಿ ಡಿ ಅಕ್ಷರದ ಕೆಳಗೆ ಇದ್ದಿದ್ದೇ ಡೊಡೊನ್‌ಪಾಚಿ.

ಗೊತ್ತಿಲ್ಲದವರಿಗೆ: ಇದು ಕೆಳಗಿಂದ ಮೇಲಕ್ಕೆ ಹೋಗುವ ವಿಮಾನದ ಆಟ. 1997ರಲ್ಲಿ ಜಪಾನಿನ ಕೇವ್ ಅನ್ನೋ ಕಂಪನಿ ಮಾಡಿದ್ದು. ಈ ಕಂಪನಿಯ ಕತೆ ನಮ್ಮಂಥವರಿಗೆ ಕೇಳೋ ಹಾಗಿದೆ. ಟೋಅಪ್ಲಾನ್ ಅಂತ ಒಂದು ಹಳೆ ಕಂಪನಿ 1994ರಲ್ಲಿ ದಿವಾಳಿ ಆಗಿ ಮುಚ್ಚಿತು. ಅಲ್ಲಿ ಕೆಲಸ ಮಾಡ್ತಿದ್ದ ಕೆಲವರು ಅದೇ ವರ್ಷ ಸೇರಿ ಕೇವ್ ಶುರು ಮಾಡಿದ್ರು. ಅವರಲ್ಲಿ ತ್ಸುನೆಕಿ ಇಕೆಡಾ ಅನ್ನೋ ಪ್ರೋಗ್ರಾಮರ್ ಒಬ್ಬ. ಡೊನ್‌ಪಾಚಿ 1995ರಲ್ಲಿ ಬಂತು, ಎರಡು ವರ್ಷಕ್ಕೆ ಇದು. ಪರದೆ ತುಂಬ ಗುಂಡುಗಳ ಮಳೆ. ಆದರೆ ನಿಮ್ಮ ವಿಮಾನಕ್ಕೆ ತಗಲುವ ಜಾಗ ನಡುವಿನ ಒಂದು ಚುಕ್ಕೆಯಷ್ಟೇ. ರೆಕ್ಕೆ ಮೇಲೆ ಗುಂಡು ಹೋದರೂ ಏನೂ ಆಗಲ್ಲ. ಇದು ಅರ್ಥವಾಗೋಕೆ ನನಗೆ ಹದಿನೈದು ದಿನ ಬೇಕಾಯ್ತು.

ಆರ್ಕೇಡಿನಲ್ಲಿ ಇದರ ಪರದೆ ಉದ್ದಕ್ಕೆ ನಿಂತಿರುತ್ತೆ. ನಮ್ಮ ಮಾನಿಟರಿನಲ್ಲಿ ಆಟ ನಡುವೆ ಸಣ್ಣ ಪಟ್ಟಿ, ಎರಡೂ ಕಡೆ ಕಪ್ಪು. ಬೀದರಿನವನು ಒಂದು ರಾತ್ರಿ ಆ ಭಾರದ ಮಾನಿಟರನ್ನು ಪಕ್ಕಕ್ಕೆ ಮಲಗಿಸಿದ. ಉರುಳದ ಹಾಗೆ ಕೆಳಗೆ ಜೆರಾಕ್ಸ್ ಮೆಟೀರಿಯಲ್ ಕಟ್ಟು ಒತ್ತಿಟ್ಟ, ನನ್ನ ಕೋರ್ ಜಾವಾದ್ದು. ಮಲಗಿಸಿದ ಮೇಲೆ ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಬಿತ್ತು, ಡಿಗೌಸ್ ಬಟನ್ ಒತ್ತಿದ ಮೇಲೆ ಹೋಯ್ತು. ಮಾರನೆ ದಿನ ಎದ್ದು ನೋಡಿದ್ರೆ ಅವನು ಅದೇ ಅಡ್ಡ ಮಾನಿಟರಿನಲ್ಲಿ ಕತ್ತು ವಾರೆ ಮಾಡಿಕೊಂಡು ಎಸ್‌ಕ್ಯೂಎಲ್ ಬರೀತಿದ್ದ.

ಈಗ ಆಯ್ಕೆಗೆ ಬರೋಣ. ಕೆಲವು ಆಟಗಳಲ್ಲಿ ಮುಖ, ಹೆಸರು, ಕತೆ ಇರೋ ಪಾತ್ರಗಳಿರ್ತವೆ. ಗನ್‌ಬರ್ಡ್‌ನಲ್ಲಿ ಪೊರಕೆ ಮೇಲೆ ಹಾರೋ ಹುಡುಗಿ ಇದ್ದಾಳೆ. ಇದರಲ್ಲಿ ಅಂಥದ್ದಿಲ್ಲ. ಮೂರು ವಿಮಾನ, ಪ್ರತಿಯೊಂದಕ್ಕೂ ಎರಡು ಬಗೆ, ಒಟ್ಟು ಆರು. ನಾವೇ ಹೆಸರಿಟ್ವಿ. ಎ ಕೆಂಪು: ಜೋರಾಗಿ ಓಡುತ್ತೆ, ಗುಂಡು ಮುಂದಕ್ಕೆ ನೇರ. ಅದು ‘ಸೂಪರ್‌ಫಾಸ್ಟ್’. ಬಿ ಹಸಿರು: ಹೆಲಿಕಾಪ್ಟರ್, ನೀವು ಯಾವ ಕಡೆ ಸರೀತೀರೋ ಅದಕ್ಕೆ ತಕ್ಕ ಹಾಗೆ ಅಕ್ಕಪಕ್ಕದ ಗನ್ನು ತಿರುಗುತ್ತೆ. ಅದು ‘ಷೇರ್ ಆಟೊ’, ಎಲ್ಲಿ ತಿರುಗುತ್ತೆ ಅಂತ ಡ್ರೈವರಿಗೂ ಗೊತ್ತಿರಲ್ಲ. ಸಿ ನೀಲಿ: ನಿಧಾನ, ಆದರೆ ಗುಂಡು ಅಗಲಕ್ಕೆ ಹರಡುತ್ತೆ. ಅದು ‘ಟ್ರ್ಯಾಕ್ಟರ್’. ಇನ್ನು ಬಗೆ ಅಂದ್ರೆ, ಷಾಟ್ ಆರಿಸಿದ್ರೆ ಚದುರಿದ ಗುಂಡಿಗೆ ಬಲ ಜಾಸ್ತಿ, ಲೇಸರ್ ಆರಿಸಿದ್ರೆ ಲೇಸರಿಗೆ. ಬಟನ್ ತಟ್ಟುತ್ತಾ ಇದ್ರೆ ಗುಂಡು, ಒತ್ತಿ ಹಿಡಿದ್ರೆ ಲೇಸರ್. ಲೇಸರ್ ಹಿಡಿದಾಗ ವಿಮಾನ ನಿಧಾನ ಆಗುತ್ತೆ. ಈ ನಿಧಾನವೇ ನಿಮ್ಮನ್ನು ಉಳಿಸೋದು, ಸಾಯಿಸೋದೂ ಅದೇ.

ನಾನು ಸೋಮವಾರ ಎ, ಬುಧವಾರ ಸಿ. ಒಂದರಲ್ಲಿ ಮೂರನೇ ಹಂತದಲ್ಲಿ ಸತ್ರೆ ಇನ್ನೊಂದು. ಯಾರೋ ಪಕ್ಕದ ರೂಮಿನವನು ಬಿ ಷಾಟಿನಲ್ಲಿ ಐದನೇ ಹಂತ ಮುಟ್ಟಿದ ಅಂದ್ರೆ ಅವತ್ತು ರಾತ್ರಿ ನಾನೂ ಬಿ. ಹಗಲು ಮೈತ್ರಿವನಂನಲ್ಲೂ ಅದೇ ನಡೀತಿತ್ತು. ಜಾವಾ ಅರ್ಧಕ್ಕೆ ಬಂದಾಗ ‘ಟೆಸ್ಟಿಂಗ್‌ನಲ್ಲಿ ಬೇಗ ಕೆಲಸ’ ಅಂದ್ರು, ಫೀ ಕಟ್ಟಿದೆ. ಟೆಸ್ಟಿಂಗ್ ಮೂರು ವಾರ ಆದ ಮೇಲೆ ಮೇನ್‌ಫ್ರೇಮ್ ಡೆಮೊಗೆ ಹೋಗಿ ಕೂತೆ. ಅಪ್ಪ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ, ‘ಏನ್ ಕಲಿಯಾಕ ಹತ್ತೀ ತಮ್ಮಾ?’ ಅಂತ ಕೇಳಿದ. ಯಾವ ಹೆಸರು ಹೇಳಬೇಕು ಅಂತ ಒಂದು ಕ್ಷಣ ತೋಚಲಿಲ್ಲ. ‘ಕಂಪ್ಯೂಟರ್ ಅಪ್ಪಾ’ ಅಂದೆ.

ಬೀದರಿನವನು ಮೊದಲ ದಿನದಿಂದ ಎ ಲೇಸರ್. ಬದಲಾಯಿಸಲೇ ಇಲ್ಲ. ಒಂದು ರಾತ್ರಿ ನಾನು ಸತ್ತು ಇನ್ನೊಂದು ವಿಮಾನ ಆರಿಸ್ತಿದ್ದಾಗ ಕೈ ಹಿಡಿದ. ‘ಲೇ, ಸತ್ತಿದ್ದು ಯಾಕಂತ ಮೊದಲು ಹೇಳು. ವಿಮಾನ ಆಮ್ಯಾಲೆ.’

ಹೇಳೋಕೆ ಆಗಲಿಲ್ಲ. ಅವನು ಒಂದು ನೋಟ್‌ಬುಕ್ ಕೊಟ್ಟ. ಮುಂದಿನ ಇಪ್ಪತ್ತು ಸಾವುಗಳನ್ನು ಬರೆದೆ. ಇಪ್ಪತ್ತರಲ್ಲಿ ಹದಿನಾಲ್ಕು ಸಲ ನಾನು ಸತ್ತಿದ್ದು ಗುಂಡು ಬಂದು ಬಡಿದಿದ್ದಕ್ಕಲ್ಲ, ನಾನೇ ಹೆದರಿ ಹೆಚ್ಚಿಗೆ ಸರಿದು ಪಕ್ಕದ ಗುಂಡಿಗೆ ಹೋಗಿ ಬಿದ್ದಿದ್ದಕ್ಕೆ. ಹಾಗೆ ಗಾಬರಿಯಾಗಿ ಓಡೋ ಕೈಗೆ ಎ ಅನ್ನೋ ಸೂಪರ್‌ಫಾಸ್ಟ್ ವಿಷ. ನನಗೆ ಬೇಕಿದ್ದಿದ್ದು ಟ್ರ್ಯಾಕ್ಟರು. ಕೈ ತಡವಾಗಿ ಎಚ್ಚರ ಆಗೋರಿಗೆ, ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ಸಾಯೋರಿಗೆ ಎ ಸರಿ. ನನ್ನ ಸಲಹೆ ಇಷ್ಟೇ: ಯಾವುದು ಬಲವಾದ ವಿಮಾನ ಅಂತ ಯಾರನ್ನೂ ಕೇಳಬೇಡಿ. ನೀವು ಹೇಗೆ ಸಾಯ್ತೀರಿ ಅಂತ ಇಪ್ಪತ್ತು ಸಲ ಬರೆದು ನೋಡಿ, ಅದು ಹೇಳುತ್ತೆ.

ಬಲವಾದದ್ದಕ್ಕೆ ಬೆಲೆಯೂ ಇರುತ್ತೆ. 2002ರಲ್ಲಿ ಬಂದ ದೈಒಉಜೋ ಅನ್ನೋ ಮುಂದಿನ ಭಾಗದಲ್ಲಿ ವಿಮಾನದ ಜೊತೆ ಒಂದು ಗೊಂಬೆಯನ್ನೂ ಆರಿಸಬೇಕು, ಮೂರು ಹುಡುಗಿಯರು. ಅವರಲ್ಲಿ ಎಕ್ಸಿ ಅನ್ನೋಳಿಗೆ ಷಾಟೂ ಬಲ, ಲೇಸರೂ ಬಲ. ಎಲ್ಲರೂ ಅವಳನ್ನೇ ಆರಿಸ್ತಾರೆ. ಆಮೇಲೆ ನೋಡಿದ್ರೆ ಬಾಂಬು ಅವಳಿಗೇ ಎಲ್ಲರಿಗಿಂತ ಕಡಿಮೆ.

ಈಗ ಅಂಕ. ಇದು ನಿಮಗೆ ಬೇಗ ಹಿಡಿಸುತ್ತೆ, ಯಾಕಂದ್ರೆ ಶುದ್ಧ ಲೆಕ್ಕ. ಒಬ್ಬ ಶತ್ರುವನ್ನು ಹೊಡೆದ ತಕ್ಷಣ ಮೂಲೆಯಲ್ಲಿ ಒಂದು ಮೀಟರ್ ಇಳಿಯೋಕೆ ಶುರು. ಅದು ಖಾಲಿ ಆಗೋದರೊಳಗೆ ಇನ್ನೊಬ್ಬನನ್ನು ಹೊಡೆದ್ರೆ ಸರಪಳಿ ಮುಂದುವರಿಯುತ್ತೆ. ಸರಪಳಿಯಲ್ಲಿ ಪ್ರತಿ ಸಲ ಸಿಗೋದು ಆ ಒಬ್ಬನ ಅಂಕ ಅಲ್ಲ, ಅಲ್ಲಿವರೆಗಿನ ಎಲ್ಲರದ್ದೂ ಕೂಡಿ. ಸುಲಭಕ್ಕೆ ಎಲ್ಲರಿಗೂ 100 ಅಂಕ ಅಂದುಕೊಳ್ಳಿ. ಮೊದಲನೆಯವನಿಗೆ 100, ಎರಡನೆಯವನಿಗೆ 200, ನೂರನೆಯವನಿಗೆ 10,000. ನೂರು ಜನರ ಒಂದೇ ಸರಪಳಿಗೆ ಒಟ್ಟು 5,05,000. ಅದೇ ನೂರು ಜನರನ್ನೇ ಹೊಡೆದು, ಮಧ್ಯೆ ಐವತ್ತಕ್ಕೆ ಒಂದು ಸಲ ಕಡಿದು ಹೋಗಿದ್ರೆ? 1,27,500ರಂತೆ ಎರಡು, ಒಟ್ಟು 2,55,000. ಕೊಂದ ಜನ ಅಷ್ಟೇ, ಅಂಕ ಅರ್ಧ. ಒಂದು ಸೆಕೆಂಡ್ ತಡವಾಗಿದ್ದಕ್ಕೆ.

ಇಲ್ಲೇ ನನ್ನ ಟ್ರ್ಯಾಕ್ಟರಿನ ಸಮಸ್ಯೆ. ಅಗಲ ಗುಂಡು ಪರದೆಗೆ ಬಂದವರನ್ನೆಲ್ಲ ಒಂದೇ ಏಟಿಗೆ ಗುಡಿಸಿಬಿಡುತ್ತೆ. ಆಮೇಲೆ ಮುಂದಿನ ಗುಂಪು ಬರೋತನಕ ಹೊಡೆಯೋಕೆ ಯಾರೂ ಇರಲ್ಲ, ಸರಪಳಿ ಕಡೀತು. ಅದಕ್ಕೆ ಒಬ್ಬನನ್ನು ಬೇಕಂತಲೇ ಬಿಡಬೇಕು. ಮೂಲೆಯ ಒಂದು ಸಣ್ಣ ಟ್ಯಾಂಕು ಗುಂಡು ಹಾರಿಸ್ತಾ ಇರುತ್ತೆ, ಕೈ ತುರಿಸುತ್ತೆ, ಆದರೂ ಮೀಟರ್ ಇನ್ನೇನು ಮುಗೀತು ಅನ್ನೋವರೆಗೆ ಮುಟ್ಟಬಾರದು. ದೊಡ್ಡ ಶತ್ರು ಇದ್ರೆ ಲೇಸರ್ ಹಿಡಿದು ಕೂರಬಹುದು, ಅವನ ಮೇಲೆ ಲೇಸರ್ ಇರೋವರೆಗೆ ಮೀಟರ್ ಸಾಯಲ್ಲ. ಬೀದರಿನವನ ನೋಟ್‌ಬುಕ್ಕಿನಲ್ಲಿ ಪ್ರತಿ ಹಂತಕ್ಕೂ ಪುಟ ಇತ್ತು. ‘ಎಡದ ಎರಡನೇ ಟ್ಯಾಂಕು: ಈಗ ಬ್ಯಾಡ. ಸೇತುವೆ ದಾಟಿದ ಮ್ಯಾಲೆ.’

ಇನ್ನು ಜೇನು. ಪ್ರತಿ ಹಂತದಲ್ಲಿ 13 ಜೇನು ಅಡಗಿರ್ತವೆ, ಲೇಸರ್ ಹಾಯಿಸಿದ್ರೆ ಹೊರಬರ್ತವೆ. ಮೊದಲನೆಯದಕ್ಕೆ 100 ಅಂಕ, ಹದಿಮೂರನೆಯದಕ್ಕೆ 1,00,000. ನಡುವೆ ಸತ್ರೆ ಮತ್ತೆ 100ರಿಂದ.

ಬಾಂಬಿನ ವಿಷಯದಲ್ಲಿ ಆಟ ನಿಮ್ಮನ್ನು ಜಿಪುಣ ಮಾಡುತ್ತೆ. ಬಾಂಬ್ ಪೂರ್ತಿ ತುಂಬಿದ್ರೆ ‘ಮ್ಯಾಕ್ಸಿಮಮ್’ ಅಂತ ಬಂದು ಬೋನಸ್ ಏರ್ತಾ ಹೋಗುತ್ತೆ, ಒಂದು ಹಾಕಿದ್ರೂ ಅದು ನಿಂತಿತು. ಹಾಗಾಗಿ ಕೈ ತಡೆಯುತ್ತೆ, ಮೂರು ಬಾಂಬ್ ಜೇಬಲ್ಲಿಟ್ಟುಕೊಂಡು ಸಾಯ್ತೀವಿ. ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ಮೂರು ತಿಂಗಳು ಆ ಬೋನಸ್ಸಿನ ಕಡೆ ಕಣ್ಣೆತ್ತಿಯೂ ನೋಡಬೇಡಿ.

ಆರು ಹಂತ ಮುಗಿದ ಮೇಲೆ ಆಟ ಮುಗೀಬಹುದು, ಅಥವಾ ಎರಡನೇ ಸುತ್ತಿಗೆ ಕರೀಬಹುದು. ಕರೆಯೋಕೆ ನಾಲ್ಕು ದಾರಿ, ಒಂದು ಸಾಕು: ಎರಡಕ್ಕಿಂತ ಹೆಚ್ಚು ಜೀವ ಕಳಕೊಳ್ಳದೆ ಇರೋದು, ನಾಲ್ಕು ಹಂತಗಳಲ್ಲಿ ಅಷ್ಟೂ ಜೇನು ಹಿಡಿಯೋದು, 5 ಕೋಟಿ ಅಂಕ ಮಾಡೋದು, ಇಲ್ಲಾ ಇಂತಿಷ್ಟು ಉದ್ದದ ಸರಪಳಿ ಕಟ್ಟೋದು. ಈ ಕೊನೆಯದು ನನಗೆ ಬಹಳ ಇಷ್ಟ. ಎ ಗೆ 270, ಬಿ ಗೆ 300, ಸಿ ಗೆ 330. ಅಗಲ ಗುಂಡಿನ ಸೌಲಭ್ಯ ಇದ್ದೋನಿಂದ ಅರವತ್ತು ಜಾಸ್ತಿ ವಸೂಲಿ. ಮಾಡಿದವರಿಗೆ ಎಲ್ಲ ಗೊತ್ತಿತ್ತು. ಎರಡನೇ ಸುತ್ತಿನ ಬಾಗಿಲಲ್ಲಿ ಕಮಾಂಡರ್ ಒಂದು ಮಾತು ಹೇಳ್ತಾನೆ, ಅದನ್ನು ನಾನು ಹೇಳಿ ಹಾಳು ಮಾಡಲ್ಲ.

ನಾಲ್ಕನೇ ತಿಂಗಳ ಕೊನೆಗೆ ನಾನು ಸಿ ಲೇಸರ್ ಹಿಡಿದು ಕೂತೆ. ಟೆಸ್ಟಿಂಗ್ ಕ್ಲಾಸಿಗೂ ವಾಪಸ್ ಹೋದೆ. ಅದು ಆಟದಿಂದ ಕಲಿತಿದ್ದು ಅಂತ ನೀವು ಅಂದುಕೊಂಡ್ರೆ ತಪ್ಪು, ಇನ್ನೊಂದು ಫೀ ಕಟ್ಟೋಕೆ ದುಡ್ಡು ಇರಲಿಲ್ಲ, ಅಷ್ಟೇ. ಆರನೇ ತಿಂಗಳು ಒಂದು ಸಣ್ಣ ಕಂಪನಿಯಲ್ಲಿ ಸಪೋರ್ಟ್ ಕೆಲಸ ಸಿಕ್ತು. ಇಂಟರ್‌ವ್ಯೂ ಮಾಡಿದವರು ರಾಯಚೂರಿನವರು, ಅರ್ಧ ಮಾತು ಕನ್ನಡದಲ್ಲೇ ನಡೀತು. ಅದು ಅದೃಷ್ಟ, ಬೇರೆ ಹೆಸರಿಲ್ಲ.

ಬೀದರಿನವನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದ್ದ. ಒಂದೇ ಕೋರ್ಸು, ಒಂದೇ ವಿಮಾನ. ಹನ್ನೊಂದು ಇಂಟರ್‌ವ್ಯೂ ಕೊಟ್ಟ. ಎಲ್ಲಾ ಕಡೆ ‘ಎರಡು ವರ್ಷದ ಅನುಭವ ಇದೆಯಾ’ ಅಂತ ಕೇಳಿದ್ರು. ಸುಳ್ಳು ಅನುಭವದ ಪತ್ರ ಮಾಡಿಕೊಡ್ತೀವಿ ಅಂತ ಒಬ್ಬ ಬಂದಿದ್ದ, ಇವನು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ರೂಮ್ ಬಿಟ್ಟ. ಹೋಗೋ ಹಿಂದಿನ ರಾತ್ರಿ ಕೊನೆಯ ಆಟ ಆಡಿದ. ನಾನೂ ಕಲಬುರಗಿಯವನೂ ಹಿಂದೆ ಮಂಚದ ಮೇಲೆ ಉಸಿರು ಬಿಗಿ ಹಿಡಿದು ಕೂತಿದ್ವಿ. ಆರನೇ ಹಂತದ ಕೊನೆಗೆ 4 ಕೋಟಿ 80 ಲಕ್ಷದ ಹತ್ತಿರ, ಜೀವ ಹೋಗಿದ್ದು ಮೂರು, ಜೇನು ಮೂರೇ ಹಂತದ್ದು, ಅತಿ ಉದ್ದದ ಸರಪಳಿ 261. ನಾಲ್ಕೂ ದಾರಿಯಲ್ಲಿ ಒಂದೊಂದು ಹೆಜ್ಜೆ ಕಡಿಮೆ. ಆಟ ಮುಗೀತು, ಎರಡನೇ ಸುತ್ತಿಗೆ ಕರೀಲಿಲ್ಲ. ಅವನು ಮಾನಿಟರನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ, ಕೆಳಗಿದ್ದ ಜೆರಾಕ್ಸ್ ಕಟ್ಟು ನನ್ನ ಕೈಗೆ ಕೊಟ್ಟ. ‘ಇದನ್ನ ಓದಲೇ ಇನ್ನ’ ಅಂದ. ಬೆಳಿಗ್ಗೆ ಬೀದರ್ ಬಸ್ ಹತ್ತಿದ. ಈಗ ಅಲ್ಲೇ ಪಾಲಿಟೆಕ್ನಿಕ್‌ನಲ್ಲಿ ಡೇಟಾಬೇಸ್ ಪಾಠ ಮಾಡ್ತಾನೆ. ಚೆನ್ನಾಗಿದ್ದಾನೆ. ಆದರೂ ಆ ಹನ್ನೊಂದು ಇಂಟರ್‌ವ್ಯೂ ನೆನಪಾದಾಗ ನನಗೆ ಇವತ್ತಿಗೂ ಸರಿ ಅನ್ನಿಸಲ್ಲ.

ನೋಟ್‌ಬುಕ್ ನನ್ನ ಹತ್ತಿರ ಉಳೀತು. ಎ ಲೇಸರಿಗೆ ಬರೆದಿದ್ದನ್ನು ಸಿ ಲೇಸರಿಗೆ ತಿದ್ದಿಕೊಳ್ಳೋಕೆ ವರ್ಷಗಳೇ ಹಿಡಿದವು, ಮದುವೆ ಆದ ಮೇಲೂ ಭಾನುವಾರ ರಾತ್ರಿ ಒಂದು ಗಂಟೆ. 5 ಕೋಟಿ ದಾಟಿದ ದಿನ ಅವನಿಗೆ ಫೋನ್ ಮಾಡಿದೆ. ‘ಯಾವ ವಿಮಾನ?’ ಅಂತ ಕೇಳಿದ. ಹೇಳಿದೆ. ‘ಟ್ರ್ಯಾಕ್ಟರಾ? ಅದು ಲೆಕ್ಕಕ್ಕಿಲ್ಲ’ ಅಂದ.

ಇಲ್ಲಿ ಮೇಜಿನ ಮೇಲೆ ಮಾನಿಟರ್ ಉದ್ದಕ್ಕೆ ತಿರುಗಿಸಿದೀನಿ, ಈಗಿನದ್ದಕ್ಕೆ ಜೆರಾಕ್ಸ್ ಕಟ್ಟು ಬೇಡ. ಮನೆಯಲ್ಲಿ ಶುರು ಮಾಡೋರಿಗೆ ಇದೇ ಸರಣಿಯ ರಿಸರಕ್ಷನ್ 2016ರಿಂದ ಸ್ಟೀಮ್‌ನಲ್ಲಿ ದುಡ್ಡು ಕೊಟ್ಟೇ ಸಿಗುತ್ತೆ, ಕಳ್ಳ ಸೀಡಿ ಹುಡುಕಬೇಡಿ. ನಾನು ಈಗ ಮೂರನೇ ಹಂತ ಆಡಿ ತೋರಿಸ್ತೀನಿ, ಎಲ್ಲಿ ಟ್ಯಾಂಕ್ ಬಿಡಬೇಕು ಅಂತ ನೋಡಿ. ನಾಲ್ಕನೇ ಹಂತ ತೋರಿಸೋಕೆ ಆಗಲ್ಲ, ನೋಟ್‌ಬುಕ್ಕಿನಲ್ಲಿ ಆ ಪುಟದ ಮೇಲೆ ಚಹಾ ಚೆಲ್ಲಿದೆ, ಹನ್ನೊಂದನೇ ಜೇನು ಎಲ್ಲಿ ಅಂತ ಬರೆದಿದ್ದು ಓದೋಕೆ ಬರಲ್ಲ. ಬೀದರಿನಲ್ಲಿ ಕೂತು ಈ ವಿಡಿಯೋ ನೋಡ್ತಿದ್ರೆ, ಲೇ, ಫೋನ್ ಮಾಡು.