ಚಂದಾ ಇಲ್ಲದ ಓದು, ಶುಲ್ಕವಿರುವ ಬರಹ



2017ರಲ್ಲಿ ಕಪ್ಪೆಗಳ ಸಂಶೋಧಕ ಎಸ್.ಡಿ. ಬಿಜು ಅವರ ತಂಡ ಕೇರಳ, ತಮಿಳುನಾಡಿನ ಪಶ್ಚಿಮ ಘಟ್ಟದಿಂದ ಏಳು ಹೊಸ ರಾತ್ರಿಗಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿತು. ಅವುಗಳಲ್ಲಿ ನಾಲ್ಕರ ಉದ್ದ 16 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹೆಬ್ಬೆರಳ ಉಗುರಿನ ಮೇಲೆ ಕೂರಬಲ್ಲವು. ಪ್ರಬಂಧ ಅಚ್ಚಾದದ್ದು ‘ಪೀರ್‌ಜೆ’ ಎಂಬ ಮುಕ್ತ ಪತ್ರಿಕೆಯಲ್ಲಿ. ಹಾಗಾಗಿ ಮಲೆನಾಡಿನ ಶಾಲಾ ಮೇಷ್ಟ್ರಿಗೂ ಅದರ ಚಿತ್ರ, ಅಳತೆ, ವಿವರಣೆ ಚಂದಾ ಕಟ್ಟದೆ ಸಿಗುತ್ತವೆ.

ರಸಾಯನ ವಿಜ್ಞಾನದ ಕತೆ ಇನ್ನೂ ದೊಡ್ಡದು. ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಏಳೇ ಏಳು ರಚನೆಗಳೊಂದಿಗೆ ಶುರುವಾಯಿತು. ಪ್ರಪಂಚದ ಪ್ರಯೋಗಾಲಯಗಳು ಅರ್ಧ ಶತಮಾನ ಅದಕ್ಕೆ ತಮ್ಮ ಫಲಿತಾಂಶಗಳನ್ನು ಒಪ್ಪಿಸುತ್ತ ಬಂದವು. ಆ ಮುಕ್ತ ಭಂಡಾರದಿಂದಲೇ ಕಲಿತ ‘ಆಲ್ಫಾಫೋಲ್ಡ್’ ಎಂಬ ಕೃತಕ ಬುದ್ಧಿಮತ್ತೆ 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಊಹಿಸಿ ಎಲ್ಲರ ಮುಂದಿಟ್ಟಿತು. 2024ರಲ್ಲಿ ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್, ಜಾನ್ ಜಂಪರ್ ಅವರಿಗೆ ಡೇವಿಡ್ ಬೇಕರ್ ಜೊತೆ ರಸಾಯನ ವಿಜ್ಞಾನದ ನೊಬೆಲ್ ಬಂತು.

ಇನ್ನು ದುಡಿಮೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಜಂಟಿ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದದ್ದರಿಂದ ಬಂದ ಪಾರ್ಶ್ವವಾಯು, ಹೃದ್ರೋಗಕ್ಕೆ 2016ರಲ್ಲಿ 7.45 ಲಕ್ಷ ಜನ ಬಲಿಯಾದರು. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ‘ವಾರಕ್ಕೆ 70 ಗಂಟೆ ದುಡಿಯಿರಿ’ ಎಂಬ ಮಾತು ಬಂದದ್ದು 2023ರಲ್ಲಿ, ಕರ್ನಾಟಕದ ಐ.ಟಿ. ವಲಯಕ್ಕೆ ದಿನಕ್ಕೆ 14 ಗಂಟೆಗಳ ಪ್ರಸ್ತಾವ ಎದ್ದದ್ದು 2024ರಲ್ಲಿ. ವಾದಕ್ಕೆ ಬೇಕಾದ ಅಂಕಿಅಂಶ ಅದಕ್ಕೂ ಮೊದಲೇ ಪುಕ್ಕಟೆಯಾಗಿ ಸಿಗುತ್ತಿತ್ತು. ಆದರೆ ಇದ್ದದ್ದು ಇಂಗ್ಲಿಷಿನಲ್ಲಿ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಆ ಪುಕ್ಕಟೆಯಿಂದ ಏನೂ ದಕ್ಕಲಿಲ್ಲ.

ಪುಕ್ಕಟೆ ಎಂದರೂ ಯಾರೋ ಒಬ್ಬರು ತೆರಲೇಬೇಕು. ಸಂಶೋಧನೆ ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದ 2002ರ ಬುಡಾಪೆಸ್ಟ್ ಘೋಷಣೆ ಓದುಗನ ಮೇಲಿನ ಭಾರ ಇಳಿಸಲು ಹೊರಟಿತು. ಹಲವು ಪ್ರಕಾಶಕರು ಅದನ್ನು ಬರೆಯುವವರ ಹೆಗಲಿಗೆ ದಾಟಿಸಿದರು. ‘ನೇಚರ್’ 2020ರಲ್ಲಿ ಒಂದು ಮುಕ್ತ ಪ್ರಬಂಧಕ್ಕೆ ಪ್ರಕಟಿಸಿದ ದರ 9,500 ಯೂರೊ. ಇತ್ತ ಭಾರತ ಸರ್ಕಾರ ಪತ್ರಿಕೆಗಳ ಚಂದಾವನ್ನು ತಾನೇ ಕಟ್ಟುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿದೆ. ಸರ್ಕಾರಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಅದರಿಂದ ಅನುಕೂಲವೇ. ಹವ್ಯಾಸಿ ಲೇಖಕ ಮಾತ್ರ ಹೊರಗೇ ಉಳಿಯುತ್ತಾನೆ.

ಬೇರೆ ದಾರಿಗಳೂ ಇವೆ. ಜರ್ಮನಿಯ ಬೈಲ್‌ಸ್ಟೈನ್ ಸಂಸ್ಥೆ 2005ರಿಂದ ತನ್ನ ಸಾವಯವ ರಸಾಯನ ಪತ್ರಿಕೆಯ ಖರ್ಚನ್ನು ತಾನೇ ಹೊತ್ತಿದೆ. ಬರೆಯುವವರೂ ಓದುವವರೂ ಕಾಸು ಕೊಡಬೇಕಿಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯೂ ತನ್ನ ಪತ್ರಿಕೆಗಳ ಪ್ರಬಂಧಗಳನ್ನು ಜಾಲದಲ್ಲಿ ಎಲ್ಲರ ಓದಿಗೆ ಇಟ್ಟಿದೆ.

ಕನ್ನಡಕ್ಕೆ ಈ ಮುಕ್ತ ಪ್ರಕಟಣೆಯಲ್ಲಿ ಒಂದು ಹಕ್ಕಿದೆ. ‘ಸಿಸಿ ಬೈ’ ಪರವಾನಗಿಯ ಪ್ರಬಂಧವನ್ನು ಮೂಲ ಲೇಖಕರ ಹೆಸರು ಹೇಳಿ, ಮಾಡಿದ ಬದಲಾವಣೆ ತಿಳಿಸಿ ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಯಾರಿಗೂ ಪತ್ರ ಬರೆದು ಕಾಯಬೇಕಿಲ್ಲ. ಬಿಟ್ಟಿಯಾಗಿ ಓದಲು ಸಿಕ್ಕಿದ್ದಕ್ಕೆಲ್ಲ ಈ ಅನುಮತಿ ಇರುವುದಿಲ್ಲ. ಕೆಲವು ಪರವಾನಗಿಗಳು ಅನುವಾದವನ್ನೇ ತಡೆಯುತ್ತವೆ. ಮೊದಲು ಪರವಾನಗಿಯ ಸಾಲನ್ನು ಓದಿಕೊಳ್ಳಬೇಕು.

ಆದ್ದರಿಂದ ವಿಜ್ಞಾನ ಲೇಖಕರ, ಗ್ರಂಥಪಾಲಕರ ಈ ಸಮ್ಮೇಳನದ ಮುಂದೆ ಎರಡು ಸಲಹೆಗಳಿವೆ. ಕನ್ನಡನಾಡಿನ ಕಾಡು, ಬೆಳೆ, ದುಡಿಮೆಗೆ ಸಂಬಂಧಿಸಿದ ‘ಸಿಸಿ ಬೈ’ ಪ್ರಬಂಧಗಳನ್ನು ಗ್ರಂಥಪಾಲಕರು ಪಟ್ಟಿ ಮಾಡಲಿ. ಲೇಖಕರು ಅವುಗಳ ಕನ್ನಡ ಸಾರವನ್ನು ಅದೇ ಪರವಾನಗಿಯಲ್ಲಿ ಹೊರತರಲಿ. ಎರಡನ್ನೂ ಮಧ್ಯಾಹ್ನದ ಗೋಷ್ಠಿ ಚರ್ಚಿಸಿ ನಿರ್ಣಯಕ್ಕೆ ತರಬೇಕೆಂದು ಕೋರಿಕೆ.