ಎಂಜಿನ್ನಿನ ಹೊಟ್ಟೆ ತೊಳೆಯಬೇಕೆ?

ಕುಕ್ಕೆ ಸುಬ್ರಹ್ಮಣ್ಯದ ದೇವಳದಲ್ಲಿ ಸೇವೆಗಳ ದೊಡ್ಡ ಪಟ್ಟಿಯೇ ಉಂಟು. ಅಲ್ಲಿ ಭಕ್ತನು ತನ್ನ ಹರಕೆಯನ್ನು ನೆನೆದು, ಕಿಸೆಯನ್ನು ಮುಟ್ಟಿ ನೋಡಿ, ತಾನೇ ಚೀಟಿ ಮಾಡಿಸುತ್ತಾನೆ. ಕಾರಿನ ಗ್ಯಾರೇಜಿನಲ್ಲಿಯೂ ಸೇವೆಗಳ ಪಟ್ಟಿ ಉಂಟು. ಸರ್ವೀಸು ಎಂದರೆ ಸೇವೆಯೇ ತಾನೆ? ಆದರೆ ಇಲ್ಲಿ ಚೀಟಿಯನ್ನು ಮೊದಲು ಬರೆದು, ಭಕ್ತನನ್ನು ಆಮೇಲೆ ಕೇಳುತ್ತಾರೆ.

ಕಳೆದ ಮಳೆಗಾಲ ಮುಗಿದ ಮೇಲೆ ನನ್ನ ಸಣ್ಣ ಪೆಟ್ರೋಲು ಕಾರನ್ನು ಕಡಬದಿಂದ ಪುತ್ತೂರಿಗೆ ಒಯ್ದು, ಎಣ್ಣೆ ಬದಲಿಸಿರೆಂದು ಹೇಳಿ, ಬಸ್ಸು ಹತ್ತಿ ಮನೆಗೆ ಬಂದೆ. ಸಂಜೆ ಫೋನು ಬಂತು: “ಎಂಜಿನ್ ಫ್ಲಷ್, ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನೈಸಿಂಗ್, ಎಂಜಿನ್ ಡ್ರೆಸ್ಸಿಂಗ್, ನಾಲ್ಕೂ ಮಾಡಿಸಿದರೆ ಒಳ್ಳೆಯದು ಸರ್.” ಒಟ್ಟು ಐದು ಸಾವಿರ ರೂಪಾಯಿಗೆ ಮೇಲೆ. ನಾನು ಕನ್ನಡ ಪಂಡಿತ. ಸಂಧಿ ಸಮಾಸಗಳನ್ನು ಬಿಡಿಸಬಲ್ಲೆ, ಎಂಜಿನನ್ನು ಬಿಡಿಸಲಾರೆ. ಬೇಡವೆಂದರೆ ಕಾರು ಕೆಟ್ಟೀತೆಂಬ ಭಯ. ಆಗಲೆಂದರೆ ಮಗಳ ಕಾಲೇಜಿನ ಶುಲ್ಕ ಕಣ್ಣ ಮುಂದೆ. “ನಾಳೆ ಹೇಳುತ್ತೇನೆ” ಎಂದು ಫೋನಿಟ್ಟೆ.

ಆ ರಾತ್ರಿ, ನಿಘಂಟುಗಳ ಸಾಲಿನಲ್ಲಿ ಧೂಳು ತಿನ್ನುತ್ತಿದ್ದ ಕಾರಿನ ಕೈಪಿಡಿಯನ್ನು ಮೊದಲ ಬಾರಿಗೆ ಓದಿದೆ. ಎಣ್ಣೆ, ಎಣ್ಣೆಯ ಫಿಲ್ಟರು, ಗಾಳಿಯ ಫಿಲ್ಟರು, ಸ್ಪಾರ್ಕ್ ಪ್ಲಗ್ಗು, ಕೂಲೆಂಟು ಇವುಗಳಿಗೆಲ್ಲ ಕಿಲೋಮೀಟರು ಮತ್ತು ತಿಂಗಳುಗಳ ಲೆಕ್ಕವಿತ್ತು. ಆ ನಾಲ್ಕು ಸೇವೆಗಳ ಹೆಸರು ಎಲ್ಲಿಯೂ ಇರಲಿಲ್ಲ.

ಈ ಸೇವೆಗಳೆಲ್ಲ ಬರಿಯ ಕಲ್ಪನೆಯೇ? ಅಲ್ಲ. ಕಾರ್ಬ್ಯುರೇಟರಿನ ಕಾಲದಲ್ಲಿ ಎಂಜಿನ್ನಿನ ತಲೆಯನ್ನು ಬಿಚ್ಚಿ, ಒಳಗೆ ಅಂಟಿದ ಮಸಿಯನ್ನು ಕೆರೆದು ತೆಗೆಯುವುದು ವಾಡಿಕೆಯ ಕೆಲಸವಾಗಿತ್ತು. ಆಗಿನ ಪೆಟ್ರೋಲಿನಲ್ಲಿ ಸೀಸವೂ ಇತ್ತು. ನಮ್ಮ ದೇಶದಲ್ಲಿ ಅದು ನಿಂತುದು 2000ದಲ್ಲಿ. ಈಗ ಇಂಧನವನ್ನು ಅಳೆದು ಸಿಂಪಡಿಸುವುದು ಕಾರಿನೊಳಗಿನ ಗಣಕ. ಕಾಲ ಹೋಯಿತು, ಸೇವೆಯ ಹೆಸರು ಉಳಿಯಿತು.

ಫ್ಲಷ್ಷಿನ ಮಾತನ್ನೇ ನೋಡಿ. ಎಂಜಿನ್ ಎಣ್ಣೆಯಲ್ಲಿಯೇ ಕೊಳೆಯನ್ನು ಬಿಡಿಸುವ, ಬಿಡಿಸಿದುದನ್ನು ತೇಲಿಸಿ ಹಿಡಿದಿಡುವ ದ್ರವ್ಯಗಳುಂಟು. ಕಾಲಕಾಲಕ್ಕೆ ಎಣ್ಣೆ ಬದಲಿಸಿದರೆ ಕೊಳೆ ಅದರೊಡನೆಯೇ ಹೊರಗೆ ಹೋಗುತ್ತದೆ. ವರ್ಷಗಟ್ಟಲೆ ಬದಲಿಸದೆ ಜಿಡ್ಡು ಗಟ್ಟಿದ ಎಂಜಿನ್ನಿಗೆ ಫ್ಲಷ್ ಹಾಕಿದರೆ, ಕಳಚಿದ ಜಿಡ್ಡು ಎಣ್ಣೆ ಹೀರುವ ಜಾಲರಿಯನ್ನೇ ಮುಚ್ಚುವುದುಂಟು. ಚೊಕ್ಕ ಎಂಜಿನ್ನಿಗೆ ಅದು ಅನಗತ್ಯ. ತೀರ ಕೊಳಕಾದ ಎಂಜಿನ್ನಿಗೆ ಅಪಾಯ. ಇನ್ನು ಡ್ರೆಸ್ಸಿಂಗ್ ಎಂಬುದು ಹೊರಗಣ ಹೊಳಪು ಮಾತ್ರ. ಅದಕ್ಕಾಗಿ ಒತ್ತಡದ ನೀರು ಬಿಟ್ಟರೆ ತಂತಿಗಳ ಜೋಡಣೆಯೊಳಗೆ ನೀರು ಸೇರೀತು. ಒದ್ದೆ ಬಟ್ಟೆಯಿಂದ ಒರಸಿದರೆ ಸಾಕು; ಒರಸುವಾಗ ಇಲಿ ಗೂಡು ಕಟ್ಟಿದೆಯೇ ಎಂದೂ ನೋಡಬಹುದು.

ಹಾಗೆಂದು ಎಂಜಿನ್ನಿನ ಶುದ್ಧಿಯೇ ಸುಳ್ಳೆಂದು ತಿಳಿಯಬೇಡಿ. ಸುಳ್ಯದ ನನ್ನ ಮಿತ್ರರೊಬ್ಬರ ಹಳೆಯ ಡೀಸೆಲ್ ಕಾರು, ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ಏದುಸಿರು ಬಿಡುತ್ತ ಕರಿಹೊಗೆ ಕಾರತೊಡಗಿತ್ತು. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಒಳಕ್ಕೆ ಬಿಡುವ ಇ.ಜಿ.ಆರ್. ಎಂಬ ಕವಾಟವನ್ನು ಮೆಕ್ಯಾನಿಕ್ಕು ಬಿಚ್ಚಿ ತೋರಿಸಿದ: ಒಳಗೆಲ್ಲ ಮಸಿ. ತೊಳೆದ ಮೇಲೆ ಕಾರು ಘಾಟಿಯನ್ನು ಮೊದಲಿನಂತೆ ಏರಿತು. ಪೆಟ್ರೋಲು ಕಾರಿನಲ್ಲಿಯೂ ನಿಂತಲ್ಲಿ ಎಂಜಿನ್ನು ತಡವರಿಸುವುದು, ಸ್ಟಾರ್ಟಾಗಲು ಹಟ ಮಾಡುವುದು, ಮೈಲೇಜು ಇಳಿಯುವುದು, ಎಚ್ಚರಿಕೆಯ ದೀಪ ಉರಿಯುವುದು, ಇವು ಲಕ್ಷಣಗಳು. ಲಕ್ಷಣ ಕಂಡರೆ ಕಾರಣ ಹುಡುಕಬೇಕು. ವೈದ್ಯಶಾಸ್ತ್ರದಲ್ಲಿ ನಿದಾನ ಮೊದಲು, ಚಿಕಿತ್ಸೆ ಆಮೇಲೆ.

ನನ್ನ ಕಾರಿಗೆ ಯಾವ ಲಕ್ಷಣವೂ ಇರಲಿಲ್ಲ. ಗೆದ್ದೆನೆಂದುಕೊಂಡು ಕೈಪಿಡಿ ಮುಚ್ಚುವಷ್ಟರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಎಣ್ಣೆಯನ್ನು 10,000 ಕಿಲೋಮೀಟರು ಅಥವಾ 12 ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಿಸಬೇಕು! ನಾನು 4,000 ಕಿಲೋಮೀಟರು ಮಾತ್ರ ಓಡಿಸಿದ್ದೆನೆಂಬ ಧೈರ್ಯದಲ್ಲಿ 17 ತಿಂಗಳು ಕಳೆದಿದ್ದೆ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರು. ಅಷ್ಟರಲ್ಲಿ ಎಂಜಿನ್ನು ಸರಿಯಾಗಿ ಬಿಸಿಯೇ ಆಗುವುದಿಲ್ಲ. ಸುಡದ ಪೆಟ್ರೋಲೂ ನೀರಿನ ಪಸೆಯೂ ಆವಿಯಾಗಿ ಹೋಗದೆ ಎಣ್ಣೆಯಲ್ಲಿಯೇ ಉಳಿಯುತ್ತವೆ. ಕಡಿಮೆ ಓಡುವ ಕಾರಿಗೆ ಕಿಲೋಮೀಟರಿಗಿಂತ ಪಂಚಾಂಗವೇ ಮುಖ್ಯ. ಬೇಡದ್ದನ್ನು ಹೇಳಿದ ತಪ್ಪು ಗ್ಯಾರೇಜಿನದಾದರೆ, ಬೇಕಾದುದನ್ನು ಮಾಡದ ತಪ್ಪು ನನ್ನದು.

ಬೆಳಗ್ಗೆ ಫೋನಿನಲ್ಲಿ ಕೇಳಿದೆ: “ಆ ನಾಲ್ಕು ಕೆಲಸಕ್ಕೆ ಕಾರಿನಲ್ಲಿ ಏನು ದೋಷ ಕಂಡಿರಿ? ತೋರಿಸಬಲ್ಲಿರಾ?” “ದೋಷವೇನಿಲ್ಲ ಸರ್, ಮುಂಜಾಗ್ರತೆ.” “ಹಾಗಾದರೆ ದೋಷ ಕಂಡಂದು ಮಾಡೋಣ. ಈಗ ಎಣ್ಣೆ ಮತ್ತು ಎರಡೂ ಫಿಲ್ಟರು ಬದಲಿಸಿ.” ಆತ ಬೇಸರಿಸದೆ ಒಪ್ಪಿದ. ಕೇಳಿದರೆ ಉತ್ತರ ಸಿಗುತ್ತದೆ. ನಾವು ಕೇಳುವುದಿಲ್ಲ, ಅಷ್ಟೆ.

ಸಂಜೆ ಕಾರು ತಂದೆ. ಕೈಪಿಡಿಯ ಮೊದಲ ಪುಟದಲ್ಲಿ, ಮುಂದಿನ ಬಾರಿ ಎಣ್ಣೆ ಬದಲಿಸಬೇಕಾದ ತಿಂಗಳನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.