ಹಳೆಯ ದೊಡ್ಡ ಕಾರು ಕೊಳ್ಳುವ ಮುನ್ನ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೊಚ್ಚಿ, ತಿರುವನಂತಪುರಗಳ ಹೋಟೆಲುಗಳಲ್ಲಿ ದುಡಿಯುವ ನಮ್ಮವರು, ಗ್ರಾಚ್ಯುಟಿಯ ಹಣ ಕೈಸೇರಿದಾಗ ಒಂದು ಹಳೆಯ ದೊಡ್ಡ ಕಾರು ಕೊಂಡರೆ ಹೇಗೆಂದು ಯೋಚಿಸುವುದುಂಟು. ಮೂವತ್ತು ವರ್ಷ ಗಿರಾಕಿಗಳ ಕಾರಿನ ಬಾಗಿಲು ತೆರೆದವನಿಗೆ ತಾನೂ ಒಮ್ಮೆ ಅದರಲ್ಲಿ ಕೂರಬೇಕೆಂಬ ಆಸೆ ಹುಟ್ಟಿದರೆ ಅದನ್ನು ನಾವು ತಪ್ಪೆನ್ನಲಾರೆವು. ಆದರೆ ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದೇ ಕಷ್ಟವೆಂಬುದು ಕೇರಳದಲ್ಲಿರುವವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಹೊಸದರಲ್ಲಿ 50 ಲಕ್ಷದ ಕಾರು ನಿಮಗೆ 10 ಲಕ್ಷಕ್ಕೆ ಸಿಕ್ಕಿತೆನ್ನೋಣ. ಗೇರ್‌ಬಾಕ್ಸು ಕೆಟ್ಟ ದಿನ ಬರುವ ಬಿಲ್ಲು ಮಾತ್ರ 50 ಲಕ್ಷದ ಕಾರಿನದೇ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು, ತಯಾರಿಕೆ ನಿಂತು ಎರಡು ದಶಕ ಕಳೆದರೂ, 2023ರ ಅಕ್ಟೋಬರಿನವರೆಗೆ ಓಡಿದುದು ಹೇಗೆ? ಅವುಗಳನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿಗಳು ಊರಲ್ಲಿದ್ದರು. ಆದಕಾರಣ ಮೊದಲು ಮಿಸ್ತ್ರಿಯನ್ನು ಹುಡುಕಿ, ಆಮೇಲೆ ಕಾರನ್ನು ಹುಡುಕಿರಿ.

ನಮ್ಮ ಬಿಡದಿಯಲ್ಲೇ ತಯಾರಾದ ಟೊಯೊಟಾ ಕೊರೊಲಾ ಆಲ್ಟಿಸ್ ಇಂಥ ವಿಚಾರಕ್ಕೆ ಯೋಗ್ಯವಾದುದು. 2020ರಲ್ಲಿ ಅದರ ಮಾರಾಟ ನಿಂತರೂ ಪೆಟ್ರೋಲ್ ಎಂಜಿನ್ನು, ಸಾದಾ ಸ್ಪ್ರಿಂಗುಗಳ ಸರಳ ಬಂಡಿ ಅದು. ಇನ್ನೂ ದೊಡ್ಡದು ಬೇಕಾದರೆ ಕ್ಯಾಮ್ರಿ ಇದೆ. ಅದು ಹೈಬ್ರಿಡ್ ಆದರೆ ದೊಡ್ಡ ಬ್ಯಾಟರಿಯನ್ನು ಪರೀಕ್ಷೆ ಮಾಡಿಸದೆ ಮುಂಗಡ ಕೊಡಬಾರದು. ಜರ್ಮನಿಯ ಹೆಸರುಗಳ ಮೇಲೆಯೇ ಮನಸ್ಸಿದ್ದರೆ, ಮೊದಲಿನಿಂದ ಸರ್ವಿಸ್ ಮಾಡಿಸಿದ ದಾಖಲೆಯಿರುವುದನ್ನೇ ನೋಡಬೇಕು. ಗಾಳಿ ತುಂಬಿದ ಸಸ್ಪೆನ್ಷನ್ನಿನದನ್ನು ಬಿಡಬೇಕು. ಯಾವುದೇ ಆಗಲಿ, ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯದೆ, ಐದರಲ್ಲೊಂದು ಪಾಲನ್ನಾದರೂ ಮೊದಲ ವರ್ಷದ ದುರಸ್ತಿಗೆಂದು ಎತ್ತಿಡಿರಿ.

ಕೇರಳದಲ್ಲಿ ನೀರಿನ ಭಯವೊಂದು ಬೇರೆ. 2018ರ ಆಗಸ್ಟಿನ ಪ್ರವಾಹದಲ್ಲಿ ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತ್ತು. ನಿಂತಲ್ಲೇ ಮುಳುಗಿದ ಕಾರುಗಳು ಎಷ್ಟೋ. ತೊಳೆದು ಪಾಲಿಶ್ ಮಾಡಿದರೆ ಮೇಲಿನ ಕಣ್ಣಿಗೆ ತಿಳಿಯದು. ಸೀಟಿನ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗುರುತು ನೋಡಿರಿ. ಸೀಟಿನ ಅಡಿಯ ಬೋಲ್ಟುಗಳಲ್ಲಿ ತುಕ್ಕು ನೋಡಿರಿ. ಕಾರ್ಪೆಟ್ ಎತ್ತಿ ಮೂಸಿರಿ. ಈ ಕಾರುಗಳಲ್ಲಿ ವಿದ್ಯುತ್ ಯಂತ್ರಗಳು ಹೆಚ್ಚು. ಅವುಗಳಿಗೆ ನೀರು ತಗುಲಿದ್ದರೆ ಕಾಯಿಲೆ ಒಂದೊಂದಾಗಿ ವರ್ಷಗಟ್ಟಲೆ ಹೊರಬೀಳುತ್ತದೆ.

ಕೊನೆಯದಾಗಿ ಕಾಗದಪತ್ರ. ಕೇರಳದ ತೆರಿಗೆ ತಪ್ಪಿಸಲು ಪುದುಚೇರಿಯ ವಿಳಾಸ ಕೊಟ್ಟು ಐಷಾರಾಮಿ ಕಾರು ನೋಂದಾಯಿಸಿದರೆಂದು 2017ರಲ್ಲಿ ಪ್ರಸಿದ್ಧರ ಮೇಲೆಯೇ ಆರೋಪ ಬಂತು. 2025ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ ಅಕ್ರಮವಾಗಿ ತಂದುವೆಂಬ ಸಂದೇಹದ ಮೇಲೆ, ಕಸ್ಟಮ್ಸ್ ಇಲಾಖೆ ಕೇರಳದಲ್ಲಿ ಹಲವು ವಾಹನಗಳನ್ನು ಹಿಡಿಯಿತು. ಸಿರಿವಂತನಿಗೆ ವಕೀಲನಿದ್ದಾನೆ, ನಮಗೆ ಹೋದ ಹಣ ಹೋದಂತೆಯೇ. ಹೊರರಾಜ್ಯದ ಬಂಡಿಯಾದರೆ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ದಾಖಲೆ, ಕೇರಳದಲ್ಲಿ ಕಟ್ಟಬೇಕಾದ ತೆರಿಗೆ, ಈ ಮೂರನ್ನೂ ತಿಳಿದೇ ಬೆಲೆ ಮಾತಾಡಿರಿ. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಬಹುದೆಂದು ಯಾರಾದರೂ ಹೇಳಿದರೆ ನಂಬದಿರಿ. ಪರ್ಮಿಟ್ ಇಲ್ಲದೆ ಅದು ಕಾನೂನಿಗೆ ವಿರುದ್ಧ.

ಬಂಧುಗಳೇ, ಗ್ರಾಚ್ಯುಟಿ ಜೀವಮಾನಕ್ಕೆ ಒಮ್ಮೆ ಬರುವ ಹಣ. ಅದು ಮಕ್ಕಳ ಓದಿಗೂ, ಮುಪ್ಪಿನ ಔಷಧಕ್ಕೂ ಬೇಕಾದ ಹಣ. ಇವೆರಡನ್ನೂ ಬದಿಗಿಟ್ಟ ಮೇಲೆ ಉಳಿದುದರಲ್ಲಿ ಸಾಕಬಲ್ಲ ಕಾರನ್ನು ಕೊಂಡು ಸುಖವಾಗಿ ಓಡಾಡಿರೆಂದೇ ನಮ್ಮ ಹಾರೈಕೆ.